ಎಲ್ಲದಕ್ಕೂ ಮೊದಲು ಕೇಸ್ ಶೀಟ್ ಕೇಳಿ

ವಕೀಲರೇ ರೋಗಿಗಳನ್ನು ಡಾಕ್ಟರ ಮೇಲೆ ಎತ್ತಿಕಟ್ಟುತ್ತಾರೆ ಎಂದು ಒಂದು ಲೇಖನದಲ್ಲಿ ಓದಿ ಬೇಜಾರಾಯಿತು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಡಾಕ್ಟರ ನಿರ್ಲಕ್ಷ್ಯದ ಕೇಸುಗಳನ್ನು ನಡೆಸುವ ವಕೀಲ ನಾನು. ಬಂದವರಲ್ಲಿ ಜಾಸ್ತಿ ಜನರನ್ನು ಸಮಾಧಾನ ಹೇಳಿ ವಾಪಸ್ ಕಳಿಸುತ್ತೇನೆ. ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ಡಾಕ್ಟರ ನಿರ್ಲಕ್ಷ್ಯ ಆಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಒಮ್ಮೆ ಒಬ್ಬ ಅಮ್ಮ ಬಂದಿದ್ದರು. ಹೆರಿಗೆಯಾದ ರಾತ್ರಿಯೇ ಮಗಳು ರಕ್ತಸ್ರಾವದಿಂದ ತೀರಿಕೊಂಡಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ಔಷಧಿ ಬಿಲ್ಲು, ಆದರೆ ಕೇಸ್ ಶೀಟ್, ಅಂದರೆ ಆಸ್ಪತ್ರೆ ಬರೆದಿಡುವ ಚಿಕಿತ್ಸೆಯ ದಾಖಲೆ, ಮಾತ್ರ ಇಲ್ಲ. ಕೇಳಿದರೆ ಆಸ್ಪತ್ರೆಯವರು 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂಬ ನಿಯಮವಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ತರಿಸಿ ನೋಡಿದೆ. ರಾತ್ರಿಯಿಡೀ ಗಂಟೆಗೊಮ್ಮೆ ಬರೆದ ಬಿಪಿ. ಡ್ಯೂಟಿ ಬದಲಾದರೂ ಅದೇ ಪೆನ್ನು, ಅದೇ ಕೈಬರಹ. ಆಮೇಲೆ ಒಟ್ಟಿಗೆ ಕೂತು ಬರೆದದ್ದಿರಬೇಕು ಎನ್ನಿಸಿತು. ಆಗಲೇ ಕೇಸ್ ಹಾಕುವ ನಿರ್ಧಾರ ಮಾಡಿದ್ದು.

"ದುಡ್ಡು ಬೇಡ ಸ್ವಾಮಿ, ಏನಾಯ್ತು ಅಂತ ಹೇಳಲಿ ಸಾಕು" ಎನ್ನುತ್ತಿದ್ದರು ಆಕೆ. ಆಸ್ಪತ್ರೆಯವರು ಅವತ್ತೇ ಹತ್ತು ನಿಮಿಷ ಕೂತು ಹೇಳಬಹುದಿತ್ತು, ಅಲ್ವಾ? ದೂರು ಕೊಡಲು ಇರುವುದು 2 ವರ್ಷ. ಅವರು ನನ್ನ ಹತ್ತಿರ ಬಂದಾಗ ಅದರಲ್ಲಿ ಉಳಿದಿದ್ದು ಬರೀ ಮೂರು ವಾರ.