ಸವೆದ ಇಸವಿಯ ಬೆನ್ನು ಹತ್ತಿ

ನಾಣ್ಯ ಸಂಗ್ರಹಿಸುವವರ ಪಾಲಿಗೆ ಇಸವಿ ಅಳಿಸಿಹೋದ ನಾಣ್ಯವೆಂದರೆ ಜಾತಕವಿಲ್ಲದ ವರನಿದ್ದಂತೆ; ಮೈಕಟ್ಟು ಎಷ್ಟೇ ಚೆನ್ನಾಗಿದ್ದರೂ ಮಾತು ಮುಂದುವರಿಯುವುದಿಲ್ಲ. ಅಮೆರಿಕದಲ್ಲಿರುವ ನನ್ನ ಭಾವಮೈದುನ ಕಳೆದ ಬಾರಿ ಬೆಂಗಳೂರಿಗೆ ಬಂದಾಗ ಅಂಥ ವರನೊಬ್ಬನನ್ನು ನನ್ನ ಅಂಗೈಯಲ್ಲಿಟ್ಟ. ಅದು 1913ರಿಂದ 1938ರವರೆಗೆ ಅಲ್ಲಿ ಟಂಕಿಸಲಾದ, ‘ಬಫಲೋ ನಿಕಲ್’ ಎಂದು ಕರೆಯುವ ಐದು ಸೆಂಟಿನ ನಾಣ್ಯ. ಒಂದು ಬದಿಯಲ್ಲಿ ಅಲ್ಲಿಯ ಮೂಲನಿವಾಸಿಯೊಬ್ಬನ ಮುಖ, ಇನ್ನೊಂದು ಬದಿಯಲ್ಲಿ ಬೈಸನ್. ನನ್ನ ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಎಮ್ಮೆಗೆ ಇಷ್ಟುದ್ದ ಗಡ್ಡವೇ?” ಎಂದು ಕೇಳಿ ಹಿಂದಿರುಗಿಸಿದರು.

ಈ ನಾಣ್ಯವನ್ನು ರೂಪಿಸಿದ ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ಇಸವಿಯನ್ನು ಆ ಮನುಷ್ಯನ ಭುಜದ ಮೇಲೆ, ನಾಣ್ಯದ ಉಬ್ಬಿದ ಜಾಗದಲ್ಲೇ ಕೂರಿಸಿದ್ದಾನೆ. ಹೀಗಾಗಿ ಜೇಬಿನಿಂದ ಜೇಬಿಗೆ ಅಲೆಯುವ ನಾಣ್ಯದಲ್ಲಿ ಮೊದಲು ಸವೆಯುವುದೇ ಇಸವಿ. ಆದರೆ ಅಚ್ಚು ಬಿದ್ದಾಗ ಅಂಕಿಗಳ ಅಡಿಯ ಲೋಹ ಸುತ್ತಲಿನದಕ್ಕಿಂತ ಬೇರೆ ರೀತಿಯಲ್ಲಿ ಒತ್ತಿಹೋಗಿರುತ್ತದೆ. ಅದರ ಮೇಲೆ ಫೆರಿಕ್ ಕ್ಲೋರೈಡ್ ಹಾಕಿದರೆ ಎರಡೂ ಒಂದೇ ಸಮನಾಗಿ ಕರಗದೆ, ಅಳಿಸಿಹೋದ ಅಂಕಿಗಳು ದೆವ್ವದಂತೆ ಮೇಲೆದ್ದು ಬರುತ್ತವೆ. ಇದನ್ನು ತಿಳಿದ ದಿನವೇ ನಾನು ಎಸ್.ಪಿ. ರಸ್ತೆಗೆ ಹೋಗಿ, ಸರ್ಕ್ಯೂಟ್ ಬೋರ್ಡುಗಳಿಂದ ಬೇಡವಾದ ತಾಮ್ರವನ್ನು ತೆಗೆಯಲು ಬಳಸುವ ಆ ದ್ರಾವಣದ ಬಾಟಲಿಯೊಂದನ್ನು ಕೊಂಡು ತಂದೆ.

ನನ್ನ ಆಸೆ ಸಣ್ಣದೇನೂ ಆಗಿರಲಿಲ್ಲ. 1918ರಲ್ಲಿ ಡೆನ್ವರ್ ಟಂಕಸಾಲೆಯಿಂದ ಹೊರಬಂದ ಕೆಲವು ನಾಣ್ಯಗಳಲ್ಲಿ 8ರ ಅಡಿಯಿಂದ 7 ಇಣುಕುತ್ತದೆ, ಸಂಗ್ರಾಹಕರು ಅದಕ್ಕಾಗಿ ಬಾಯಿ ಬಿಡುತ್ತಾರೆ. ಅದೇ ಟಂಕಸಾಲೆಯಲ್ಲಿ 1937ರಲ್ಲಿ ಅಚ್ಚನ್ನು ಅತಿಯಾಗಿ ಉಜ್ಜಿದ್ದರಿಂದ ಬೈಸನ್ನಿನ ಒಂದು ಮುಂಗಾಲೇ ಮಾಯವಾಗಿ, ಆ ಮೂರು ಕಾಲಿನ ನಾಣ್ಯಕ್ಕೂ ಭಾರಿ ಬೆಲೆ ಬಂದಿದೆ. ಉಜ್ಜಿ ಕೆಡಿಸಿದ್ದಕ್ಕೆ ಬೆಲೆ ಬರುವ ಭಾಗ್ಯ ಟಂಕಸಾಲೆಯವರಿಗೆ ಮಾತ್ರ ಎಂಬುದು ನನಗೆ ತಡವಾಗಿ ತಿಳಿಯಿತು.

ಅಡುಗೆಮನೆಯ ಕಟ್ಟೆಯ ಮೇಲೆ, ಸಾರಿನ ಪಾತ್ರೆಯ ಸ್ಟೀಲ್ ಮುಚ್ಚಳವನ್ನು ಬೋರಲು ಹಾಕಿ, ಅದರಲ್ಲಿ ನಾಣ್ಯವಿಟ್ಟು, ಕಣ್ಣಿಗೆ ಹಾಕುವ ಔಷಧದ ಖಾಲಿ ಡ್ರಾಪರಿನಿಂದ ಭುಜದ ಮೇಲೆ ಒಂದೇ ಹನಿ ಬಿಟ್ಟೆ. ಕಷಾಯದ ಬಣ್ಣದ ಆ ಹನಿಯ ಅಡಿಯಲ್ಲಿ ಮೊದಲು ಒಂದು ಗೀಟು, ಆಮೇಲೆ 9ರ ಬಾಲ, ಕೊನೆಗೆ ಒಂದು ಸೊನ್ನೆ ಮಸುಕಾಗಿ ಕಾಣಿಸಿದವು. ತೊಳೆದು ನೋಡಿದರೆ 1920! ನಾನು ಕುಣಿಯುವುದೊಂದು ಬಾಕಿ. ಆ ವರ್ಷ ಫಿಲಡೆಲ್ಫಿಯಾ ಒಂದರಲ್ಲೇ ಆರು ಕೋಟಿಗೂ ಹೆಚ್ಚು ನಿಕಲ್‌ಗಳನ್ನು ಟಂಕಿಸಿದ್ದರೆಂಬುದನ್ನೂ, ಆಮ್ಲದಿಂದ ಇಸವಿ ಎಬ್ಬಿಸಿದ ನಾಣ್ಯವನ್ನು ಸಂಗ್ರಾಹಕರು ಹಾಳಾದ ನಾಣ್ಯವೆಂದೇ ಲೆಕ್ಕಕ್ಕೆ ಹಿಡಿಯುತ್ತಾರೆಂಬುದನ್ನೂ ಆಮೇಲೆ ಓದಿಕೊಂಡೆ. ಅಷ್ಟರಲ್ಲಿ ಮುಚ್ಚಳದ ತುಂಬ ಸಿಡುಬಿನ ಕಲೆಗಳಂಥ ಗುಳಿಗಳು ಬಿದ್ದಿದ್ದವು, ಕಟ್ಟೆಯ ಮೇಲೆ ತುಕ್ಕಿನ ಬಣ್ಣದ ಕಲೆ ಶಾಶ್ವತವಾಗಿ ನೆಲೆಸಿತ್ತು. ಹೆಂಡತಿ ಏನೂ ಮಾತನಾಡದೆ ಮುಚ್ಚಳವನ್ನು ನನ್ನ ಪುಸ್ತಕದ ಕಪಾಟಿನಲ್ಲಿ, ನಾಣ್ಯಗಳ ಆಲ್ಬಮ್ಮಿನ ಪಕ್ಕದಲ್ಲಿ ಇಟ್ಟು ಹೋದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಾತನ ಎಲೆ ಅಡಿಕೆಯ ಸಂಚಿಯಿಂದ ನನಗೆ ಬಂದಿದ್ದ, ಟಿಪ್ಪುವಿನ ಕಾಲದ ಒಂದು ‘ಆನೆ ಕಾಸು’ ಮನೆಯಲ್ಲಿತ್ತು. ಆನೆಯ ಬೆನ್ನಿನ ಮೇಲ್ಗಡೆ ಇಸವಿ ಇದ್ದ ಜಾಗ ನುಣ್ಣಗಾಗಿತ್ತು. ಟಿಪ್ಪು ಹಿಜರಿಯನ್ನು ಬಿಟ್ಟು, ಪ್ರವಾದಿಯವರ ಹುಟ್ಟಿನಿಂದ ವರ್ಷ ಎಣಿಸುವ ಮೌಲೂದಿ ಪಂಚಾಂಗವನ್ನು ತಂದ ಮೇಲೆ ಇಸವಿಯ ಪರ್ಷಿಯನ್ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ, ಆದ್ದರಿಂದ 1215 ಎಂಬುದು ನಮ್ಮ ಕಣ್ಣಿಗೆ 5121ರಂತೆ ಕಾಣುತ್ತದೆ. 1221 ಸಿಕ್ಕರೆ ಯಾವ ಕಡೆಯಿಂದ ಓದಿದರೂ ಒಂದೇ ಎಂದು ಹಾರೈಸುತ್ತ, ಈ ಬಾರಿ ಜಾಣತನದಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಆರಿಸಿಕೊಂಡು, ಹನಿಯ ಗೊಡವೆಯೇ ಬೇಡವೆಂದು ಕಾಸನ್ನು ಪೂರ್ತಿ ಮುಳುಗಿಸಿದೆ. ಆಗಲೇ ಭಾವಮೈದುನನ ಫೋನು ಬಂತು. ಅವನಿಗೆ 1920ರ ವಿಜಯವನ್ನು ಇಪ್ಪತ್ತು ನಿಮಿಷ ವರ್ಣಿಸಿದೆ. ತಾಮ್ರವನ್ನು ತಿನ್ನುವುದೇ ಆ ದ್ರಾವಣದ ಕಸುಬೆಂದು ಅಂಗಡಿಯ ಹುಡುಗನಿಗೆ ಗೊತ್ತಿತ್ತು, ಬಾಟಲಿ ಕೊಂಡ ನನಗೂ ಗೊತ್ತಿತ್ತು. ಆನೆ ಕಾಸು ತಾಮ್ರದ್ದೆಂಬುದೂ ಗೊತ್ತಿತ್ತು. ಎರಡು ತಿಳಿವಳಿಕೆಗಳೂ ತಲೆಯಲ್ಲಿ ಪರಸ್ಪರ ಭೇಟಿಯಾಗಿರಲಿಲ್ಲ, ಅಷ್ಟೆ.

ಹೊರತೆಗೆದಾಗ ಕಾಸು ತೆಳ್ಳಗಾಗಿ, ಹೊಸ ತಾಮ್ರದಂತೆ ನಾಚಿಕೆಗೆಟ್ಟು ಕೆಂಪಗೆ ಹೊಳೆಯುತ್ತಿತ್ತು. ಸೊಂಡಿಲು ಹೋಗಿ ಆನೆ ಹಂದಿಯಾಗಿತ್ತು. ಆದರೂ ಬೆನ್ನಿನ ಮೇಲೆ ಏನೋ ಮೂಡಿದಂತೆ ಕಂಡದ್ದರಿಂದ ಪರಿಚಯದ ಹಳೆಯ ನಾಣ್ಯ ವ್ಯಾಪಾರಿಯೊಬ್ಬರ ಬಳಿಗೆ ಒಯ್ದೆ. ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ, “ಸ್ವಾಮಿ, ಈ ಲಿಪಿಯಲ್ಲಿ ಸೊನ್ನೆಯನ್ನು ಚುಕ್ಕಿಯಾಗಿ ಬರೆಯುತ್ತಾರೆ, ನಿಮಗೆ ಗೊತ್ತಲ್ಲ?” ಎಂದರು. ನಾನು ಉತ್ಸಾಹದಿಂದ ತಲೆಯಾಡಿಸಿದೆ. “ಇವು ಆಮ್ಲ ಕೊರೆದ ಗುಳಿಗಳೇ ಅಲ್ಲದೆ ಸೊನ್ನೆಗಳೇ ಆಗಿದ್ದರೆ, ಒಟ್ಟು ಏಳು ಇವೆ. ಮುಂದೊಂದು 1 ಇಟ್ಟುಕೊಂಡರೂ ನಿಮ್ಮ ಕಾಸು ಟಂಕಿಸುವುದಕ್ಕೆ ಇನ್ನೂ ಕೋಟಿ ವರ್ಷದಷ್ಟು ಸಮಯವಿದೆ. ಅವಸರವೇನಿಲ್ಲ, ಕೂತುಕೊಳ್ಳಿ, ಕಾಫಿ ತರಿಸುತ್ತೇನೆ.”