ಫುಟ್‌ಪಾತ್‌ಗೆ ಪ್ರಶಸ್ತಿ ಕೊಡುವ ಮೊದಲು ಐದು ವರ್ಷ ಕಾಯಿರಿ

ನಿನ್ನೆ ಸಂಜೆ ಬೆಂಗಳೂರಿನಲ್ಲಿ ಒಂದು ಸಮಾರಂಭಕ್ಕೆ ಹೋಗಿದ್ದೆ. ಪಾದಚಾರಿಗಳಿಗಾಗಿ ಹೊಸದಾಗಿ ರೂಪಿಸಿದ ಒಂದು ರಸ್ತೆಗೆ ಪ್ರಶಸ್ತಿ ಕೊಟ್ಟರು. ಕಾಮಗಾರಿ ಮುಗಿದ ಮೇಲೆ ಆ ರಸ್ತೆ ಇನ್ನೂ ಒಂದು ಮಳೆಗಾಲವನ್ನೂ ಕಂಡಿಲ್ಲ. ವೇದಿಕೆಯ ಮೇಲೆ ಹಿರಿಯ ಅಧಿಕಾರಿಗಳು, ಸಲಹಾ ಸಂಸ್ಥೆಯ ಮುಖ್ಯಸ್ಥರು, ಶಾಲು, ಹಾರ, ಫಲಕ. ಫುಟ್‌ಪಾತ್‌ನ ಅಂಚಿಗೆ ಕೂರಿಸುವ ಒಂದೊಂದು ಕರ್ಬ್ ಕಲ್ಲಿನ ಮಟ್ಟವನ್ನೂ ಬಿಸಿಲಲ್ಲಿ ನಿಂತು ನೋಡಿಕೊಂಡ ಸಹಾಯಕ ಎಂಜಿನಿಯರ್ ಸಭಾಂಗಣದ ಹಿಂಬದಿಯಲ್ಲಿ ಕುಳಿತಿದ್ದರು. ವಂದನಾರ್ಪಣೆಯಲ್ಲಿ ಧ್ವನಿವರ್ಧಕದವರ ಹೆಸರು ಬಂತು, ಊಟದ ವ್ಯವಸ್ಥೆ ಮಾಡಿದವರ ಹೆಸರು ಬಂತು. ಇವರ ಹೆಸರು ಬರಲೇ ಇಲ್ಲ. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಷ್ಟೋ ವರ್ಷಗಳಿಂದ ರಸ್ತೆ ವಿನ್ಯಾಸದ ಕೆಲಸದಲ್ಲೇ ಇರುವುದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತು. ಪ್ರಶಸ್ತಿಗಳೇ ಬೇಡ ಎನ್ನುವವಳು ನಾನಲ್ಲ. ನಮ್ಮ ಕ್ಷೇತ್ರಕ್ಕೆ ಪ್ರಶಸ್ತಿಗಳು ಬೇಕೇ ಬೇಕು. ಮೇಲ್ಸೇತುವೆ ಕಟ್ಟಿದ ಎಂಜಿನಿಯರ್‌ಗೆ ಇಲಾಖೆಯಲ್ಲೂ ನೆಂಟರಲ್ಲೂ ಸಿಗುವ ಮರ್ಯಾದೆ ಫುಟ್‌ಪಾತ್ ಮಾಡಿದವರಿಗೆ ಸಿಗುವುದಿಲ್ಲ. ದೊಡ್ಡ ಕಾಮಗಾರಿಗಳನ್ನು ಹಂಚಿ ಮುಗಿದ ಮೇಲೆ ಉಳಿದವರ ಕೈಗೆ ಬರುವ ಕೆಲಸ ಅದು. ಆದ್ದರಿಂದಲೇ ಇಲ್ಲಿ ಕೊಡುವ ಗೌರವ ಸರಿಯಾದ ಕೈಗೆ ಸೇರಬೇಕು ಎಂದು ಹಟ ಹಿಡಿಯುತ್ತೇನೆ. ಕಾಮಗಾರಿ ಉದ್ಘಾಟನೆಯಾದ ವರ್ಷವೇ ಪ್ರಶಸ್ತಿ ಕೊಟ್ಟರೆ ಅದು ಅಂದು ವೇದಿಕೆಯ ಮೇಲೆ ಇರುವವರಿಗೆ ಹೋಗುತ್ತದೆ. ಐದು ವರ್ಷದ ನಂತರ ಕೊಟ್ಟರೆ ಮಾತ್ರ ಕೆಲಸ ಬಲ್ಲವರಿಗೆ ಹೋಗುತ್ತದೆ. ನಾಟಿ ಮಾಡಿದ ದಿನವೇ ಇಳುವರಿಗೆ ಬಹುಮಾನ ಹಂಚುವ ಊರು ಎಲ್ಲಿಯೂ ಇಲ್ಲ.

ಫುಟ್‌ಪಾತ್ ಹೇಗೆ ಕೆಡುತ್ತದೆ ಎಂದು ತಿಳಿದರೆ ಐದು ವರ್ಷ ಏಕೆ ಎನ್ನುವುದು ಅರ್ಥವಾಗುತ್ತದೆ. ನಮ್ಮಲ್ಲಿ ಬಹುಪಾಲು ಫುಟ್‌ಪಾತ್‌ಗಳ ಅಡಿಯಲ್ಲಿ ಮಳೆನೀರಿನ ಚರಂಡಿ ಇರುತ್ತದೆ, ಮೇಲೆ ಚಪ್ಪಡಿ ಇರುತ್ತದೆ. ಹೂಳೆತ್ತಲು ಚಪ್ಪಡಿ ಎತ್ತುತ್ತಾರೆ, ಮತ್ತೆ ಕೂರಿಸುವಾಗ ಒಂದು ಅಂಚು ಮೇಲೆ ನಿಲ್ಲುತ್ತದೆ. ಆಮೇಲೆ ಕೇಬಲ್‌ನವರು ಅಗೆಯುತ್ತಾರೆ, ನೀರಿನ ಕೊಳವೆಯವರು ಅಗೆಯುತ್ತಾರೆ, ಮೇಲೆ ಒಂದಿಷ್ಟು ಮಣ್ಣು ಎಳೆದು ಹೋಗುತ್ತಾರೆ. ಮನೆಯ ಗೇಟಿನ ಮುಂದೆ ಕಾರು ಹತ್ತಿಸಲು ಮಾಲೀಕರು ತಮ್ಮದೇ ಇಳಿಜಾರು ಹಾಕಿಸುತ್ತಾರೆ. ನಡೆಯುವವರು ಪ್ರತಿ ಗೇಟಿಗೂ ಹತ್ತಬೇಕು, ಇಳಿಯಬೇಕು. ವಿದ್ಯುತ್ ಪೆಟ್ಟಿಗೆ ಬಂದು ಕೂರುತ್ತದೆ. ಕೊನೆಗೆ ಜನ ರಸ್ತೆಗೇ ಇಳಿಯುತ್ತಾರೆ. ಒಳ್ಳೆಯ ವಿನ್ಯಾಸಕಾರರು ಇದನ್ನೆಲ್ಲ ಮೊದಲೇ ಊಹಿಸುತ್ತಾರೆ. ಕೇಬಲ್‌ಗಳಿಗೆ ಪ್ರತ್ಯೇಕ ಕೊಳವೆ ಹಾಕಿಸಿ ಅಲ್ಲಲ್ಲಿ ತೆರೆಯುವ ಗುಂಡಿ ಇಡುತ್ತಾರೆ. ಗೇಟಿನ ಎದುರು ಫುಟ್‌ಪಾತ್‌ನ ಮಟ್ಟ ಇಳಿಸದೆ, ವಾಹನವೇ ಅಂಚಿನಲ್ಲಿ ಏರಿ ಬರುವಂತೆ ಮಾಡುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಕರ್ಬ್‌ನ ಎತ್ತರ 150 ಮಿಲಿಮೀಟರ್ ಮೀರಬಾರದು, ನಡೆಯುವ ಜಾಗ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ಕಾಗದದ ಮೇಲೆ ಎಲ್ಲ ನಕ್ಷೆಗಳೂ ಇದನ್ನು ಪಾಲಿಸುತ್ತವೆ. ಉದ್ಘಾಟನೆಯ ದಿನ ಎಲ್ಲ ಫುಟ್‌ಪಾತ್‌ಗಳೂ ಚೆನ್ನಾಗಿಯೇ ಇರುತ್ತವೆ. ಯಾವುದು ಉಳಿಯುತ್ತದೆ ಎನ್ನುವುದು ಮೂರನೆಯ ಅಗೆತದ ನಂತರವೇ ತಿಳಿಯುವುದು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಸೈಕಲ್ ಪಥವನ್ನು ನೆನಪಿಸಿಕೊಳ್ಳಿ. 2020ರಲ್ಲಿ ಕೋವಿಡ್ ನಡುವೆ ನಗರ ಭೂ ಸಾರಿಗೆ ನಿರ್ದೇಶನಾಲಯ ಬೊಲಾರ್ಡ್, ಅಂದರೆ ವಾಹನ ತಡೆಯುವ ಗಿಡ್ಡ ಕಂಬಗಳನ್ನು, ನೆಟ್ಟು ಪಥವನ್ನು ಬೇರ್ಪಡಿಸಿತು. ನಾನು ಮನಸಾರೆ ಸಂತೋಷಪಟ್ಟಿದ್ದೆ, ಈಗಲೂ ಆ ಪ್ರಯತ್ನ ಮಾಡಿದವರ ಬಗ್ಗೆ ಗೌರವವಿದೆ. 2021ರಲ್ಲಿ ಕೇಂದ್ರದ ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು; ಗೆದ್ದ ನಗರಕ್ಕೆ ತಲಾ ಒಂದು ಕೋಟಿ ರೂಪಾಯಿ. ಆದರೆ ರಸ್ತೆಯ ಮೇಲೆ ಬೊಲಾರ್ಡ್‌ಗಳು ಮುರಿದವು, ಬೈಕುಗಳು ಪಥಕ್ಕೆ ನುಗ್ಗಿದವು, ಮೆಟ್ರೊ ಕಾಮಗಾರಿ ಬಂತು, ಪಥ ಮಾಯವಾಯಿತು. ಗೆಲುವಿನ ಸುದ್ದಿ ಬಂದಾಗ ಸಂಭ್ರಮಿಸಿದವರಲ್ಲಿ ಎಷ್ಟು ಜನ ಪಥ ಹೋದಾಗ ಅಲ್ಲಿಗೆ ಹೋಗಿ ನೋಡಿದರು? ಐದು ವರ್ಷ ಕಾದಿದ್ದರೆ ತೀರ್ಪುಗಾರರು ಬೇರೆಯದೇ ಪ್ರಶ್ನೆ ಕೇಳಬೇಕಾಗುತ್ತಿತ್ತು: ಮುರಿದ ಬೊಲಾರ್ಡ್ ಬದಲಿಸಲು ಯಾರ ಬಳಿ ಹಣವಿತ್ತು, ಯಾರ ಬಳಿ ಅಧಿಕಾರವಿತ್ತು? ಆ ಪ್ರಶ್ನೆಯೇ ಮುಂದಿನ ಪಥವನ್ನು ಉಳಿಸುತ್ತಿತ್ತು. ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಕಾನೂನಿನ ಆಸರೆ ಕೊಡಬೇಕಿದ್ದ ರಾಜ್ಯದ ‘ಸಕ್ರಿಯ ಸಂಚಾರ’ ಮಸೂದೆಯ ಕರಡು 2021ರಲ್ಲೇ ಸಿದ್ಧವಾಗಿತ್ತು. ಕರಡು ಬರೆದವರ ಶ್ರಮವನ್ನು ಯಾವ ವೇದಿಕೆಯಲ್ಲೂ ಯಾರೂ ನೆನೆದದ್ದನ್ನು ನಾನು ಕೇಳಿಲ್ಲ.

ಹೊರದೇಶಗಳಲ್ಲಿ ಇದನ್ನು ಬೇರೆ ರೀತಿ ಮಾಡುವವರಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸೈಕಲ್ ಸವಾರರ ಸಂಘ ಊರುಗಳಿಗೆ ‘ಫೀಟ್ಸ್‌ಸ್ಟಾಟ್’, ಅಂದರೆ ‘ಸೈಕಲ್ ನಗರ’, ಎಂಬ ಗೌರವ ಕೊಡುತ್ತದೆ. 2018ರಲ್ಲಿ ಹೌಟನ್, 2020ರಲ್ಲಿ ವೇನೆಂದಾಲ್ ಗೆದ್ದವು. ಆ ವರ್ಷಗಳಲ್ಲಿ ಆಯ್ಕೆಗೆ ಆಧಾರವಾದದ್ದು ದಿನವೂ ಸೈಕಲ್ ತುಳಿಯುವ ಸಾಮಾನ್ಯ ಜನ ಕೊಟ್ಟ ಅಂಕಗಳು. ಫ್ರಾನ್ಸ್‌ನಲ್ಲೂ ಸೈಕಲ್ ಬಳಕೆದಾರರ ಒಕ್ಕೂಟ 2017ರಿಂದ ಇಂಥದ್ದೇ ಸಮೀಕ್ಷೆ ನಡೆಸುತ್ತದೆ. ಮೊದಲ ಸಲವೇ ಒಂದು ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಮೇಯರ್ ಕಳುಹಿಸಿದ ಚಂದದ ಚಿತ್ರಗಳಿಗೆ ಅಲ್ಲಿ ಕೆಲಸವಿಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯಂತೂ ಕಟ್ಟಡಗಳಿಗೆ ‘ಇಪ್ಪತ್ತೈದು ವರ್ಷದ ಪ್ರಶಸ್ತಿ’ ಕೊಡುತ್ತದೆ. ಕಟ್ಟಿ ಇಪ್ಪತ್ತೈದು ವರ್ಷ ತುಂಬುವ ತನಕ ಆ ಪ್ರಶಸ್ತಿಗೆ ಕಟ್ಟಡವನ್ನು ಪರಿಗಣಿಸುವುದೇ ಇಲ್ಲ. ನಾನು ಐದು ವರ್ಷ ಕೇಳಿದರೆ ನಮ್ಮವರು ಗಾಬರಿಯಾಗುತ್ತಾರೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಪಾದಚಾರಿ ಮತ್ತು ಸೈಕಲ್ ಯೋಜನೆಯ ವೃತ್ತಿಪರರದೇ ಒಂದು ಸಂಘ 1995ರಿಂದ ಇದೆ. ಅದು ವ್ಯಕ್ತಿಗಳನ್ನು ಹೆಸರು ಹಿಡಿದು ಗೌರವಿಸುತ್ತದೆ. ನಮ್ಮಲ್ಲಿ ಪ್ರಶಸ್ತಿ ‘ನಗರ’ಕ್ಕೆ ಬರುತ್ತದೆ. ನಗರಕ್ಕೆ ಕೈಯಿಲ್ಲ, ಆದ್ದರಿಂದ ಆ ವರ್ಷದ ಆಯುಕ್ತರು ಕೈ ಚಾಚುತ್ತಾರೆ. ಕಾರು ನಿಧಾನವಾಗಿ ಬರಬೇಕಾದ, ಮಕ್ಕಳು ಆಡಬಹುದಾದ ವಸತಿ ಬೀದಿಯ ಕಲ್ಪನೆ ಜಗತ್ತಿಗೆ ಡೆಲ್ಫ್ಟ್ ಎಂಬ ಡಚ್ ಊರಿನಿಂದ ಬಂತು. 1976ರಲ್ಲಿ ಅದಕ್ಕೆ ಅಲ್ಲಿ ಕಾನೂನಿನ ಮಾನ್ಯತೆಯೂ ಸಿಕ್ಕಿತು. ಅದಕ್ಕಾಗಿ ದುಡಿದ ಪುರಸಭೆಯ ನೌಕರ ಯೋಸ್ಟ್ ವಾಲ್ ಎಂಬ ಹೆಸರು ಇಂದಿಗೂ ನಮ್ಮ ವೃತ್ತಿಯವರ ಬಾಯಲ್ಲಿದೆ. ನಮ್ಮ ಊರುಗಳ ಯಾವ ಪುರಸಭೆ ನೌಕರರ ಹೆಸರನ್ನು ನೀವು ಹೀಗೆ ಹೇಳಬಲ್ಲಿರಿ?

ನಿನ್ನೆ ಇದನ್ನೇ ಒಬ್ಬ ಹಿರಿಯರ ಬಳಿ ಹೇಳಿದೆ. ಅವರು ಶಾಂತವಾಗಿ ಉತ್ತರಿಸಿದರು: “ನೋಡಮ್ಮ, ಪ್ರಶಸ್ತಿ ಅಂದರೆ ಉತ್ತೇಜನ. ಐದು ವರ್ಷ ಕಾದರೆ ಆ ಅಧಿಕಾರಿಗಳೆಲ್ಲ ವರ್ಗವಾಗಿ ಹೋಗಿರುತ್ತಾರೆ. ಯಾರನ್ನು ಹುಡುಕಿಕೊಂಡು ಹೋಗುತ್ತೀ?” ಉತ್ತೇಜನದ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪುತ್ತೇನೆ. ಸ್ಪರ್ಧೆ ಇಲ್ಲದಿದ್ದರೆ ಕೆಲವು ನಗರಗಳು ಬಣ್ಣದ ಡಬ್ಬಿಯನ್ನೂ ತೆರೆಯುತ್ತಿರಲಿಲ್ಲ. ಆದರೆ ಉತ್ತೇಜನಕ್ಕೆ ಅನುದಾನ ಕೊಡಿ, ಸಿಬ್ಬಂದಿ ಕೊಡಿ. ಪ್ರಶಸ್ತಿ ಎಂದು ಕರೆಯಬೇಡಿ. ಹುಡುಕುವುದು ಕಷ್ಟ ಎನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಪ್ರತಿ ಕಾಮಗಾರಿಗೂ ಅಳತೆ ಪುಸ್ತಕವಿದೆ. ಯಾವ ದಿನ ಎಷ್ಟು ಮೀಟರ್ ಕರ್ಬ್ ಕೂರಿಸಿದರು, ಯಾರು ಅಳೆದರು, ಯಾರು ಪರಿಶೀಲಿಸಿದರು ಎನ್ನುವುದು ಅದರಲ್ಲಿ ಸಹಿ ಸಮೇತ ಇರುತ್ತದೆ. ಬಿಲ್ಲಿನಲ್ಲಿ ಹಣ ಹೆಚ್ಚಾದರೆ ಹತ್ತು ವರ್ಷದ ಹಿಂದಿನ ಸಹಿಯನ್ನೂ ಲೆಕ್ಕಪರಿಶೋಧಕರು ಹುಡುಕಿ ತೆಗೆಯುತ್ತಾರೆ. ತಪ್ಪಿಗೆ ಸಿಗುವ ಹೆಸರು ಒಳ್ಳೆಯ ಕೆಲಸಕ್ಕೆ ಮಾತ್ರ ಹೇಗೆ ಕಳೆದುಹೋಗುತ್ತದೆ?

ಕೆಲವರು “ಸಂಬಳ ಬರುತ್ತದಲ್ಲ, ಸಾಲದೇ?” ಎನ್ನುತ್ತಾರೆ. ಆ ಮಾತಿಗೆ ಉತ್ತರಿಸುವ ತಾಳ್ಮೆ ನನಗಿಲ್ಲ.

ಇಷ್ಟು ಸಿಟ್ಟು ಏಕೆ ಎಂದು ಕೇಳಿದರೆ ಹೇಳುತ್ತೇನೆ. ನನ್ನ ಜೊತೆ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಳು. ಗುತ್ತಿಗೆ ನೌಕರಿ, ಹನ್ನೊಂದು ತಿಂಗಳಿಗೊಮ್ಮೆ ನವೀಕರಣ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ ಎಂದು ಗುರುತು ಹಾಕಿಕೊಂಡು, ಅವರು ದಾಟುವ ಜಾಗದಲ್ಲೇ ಎತ್ತರಿಸಿದ ದಾಟುದಾರಿಯನ್ನು ನಕ್ಷೆಗೆ ಸೇರಿಸಿದವಳು ಅವಳು. ಗುತ್ತಿಗೆದಾರ ಅದನ್ನು ಐವತ್ತು ಅಡಿ ಆಚೆ ಹಾಕಿದಾಗ ಒಡೆಸಿ ಮತ್ತೆ ಮಾಡಿಸಿದಳು. ಆ ಯೋಜನೆಗೆ ಪ್ರಶಸ್ತಿ ಬಂತು. ಅವಳಿಗೆ ಆಮಂತ್ರಣ ಪತ್ರಿಕೆಯೂ ಬರಲಿಲ್ಲ. ಮುಂದಿನ ನವೀಕರಣಕ್ಕೆ ಮೊದಲೇ ಬ್ಯಾಂಕಿನ ಪರೀಕ್ಷೆ ಬರೆದು ಹೊರಟುಹೋದಳು. ಇಂದು ಅವಳಂಥ ಕಣ್ಣು ಇರುವ ಇನ್ನೊಬ್ಬರನ್ನು ನಾನು ಹುಡುಕುತ್ತಲೇ ಇದ್ದೇನೆ. ನಾನೂ ಒಮ್ಮೆ ರಾಜೀನಾಮೆ ಬರೆದಿಟ್ಟುಕೊಂಡಿದ್ದೆ. ಆ ವಾರ ಕಚೇರಿಗೆ ಒಂದು ಫೋನ್ ಬಂತು. ಕಣ್ಣು ಕಾಣದ ಒಬ್ಬರು, ಬಸ್ ನಿಲ್ದಾಣದಿಂದ ಬ್ಯಾಂಕಿನವರೆಗೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದೆ, ಇದನ್ನು ಮಾಡಿದವರಿಗೆ ತಿಳಿಸಿ ಎಂದರು. ರಾಜೀನಾಮೆ ಪತ್ರ ಹರಿದುಹಾಕಿದೆ. ಎಲ್ಲರಿಗೂ ಅಂಥ ಫೋನ್ ಬರುವುದಿಲ್ಲ, ಪ್ರಶಸ್ತಿಯಾದರೂ ಬರಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಹಾಗಿದ್ದ ಮೇಲೆ ಫುಟ್‌ಪಾತ್ ಸರಿಯಾಗಿ ಮಾಡಬಲ್ಲವರು ಜೀವ ಉಳಿಸುವವರು. ಅಂಥವರನ್ನು ಗುರುತಿಸುವ ಕೆಲಸವನ್ನು ಇಷ್ಟು ಆತುರದಲ್ಲಿ, ಇಷ್ಟು ಅಸಡ್ಡೆಯಿಂದ ಮಾಡುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನನಗೆ ಬೇಕಾದ ಪ್ರಶಸ್ತಿಯ ನಿಯಮಗಳು ಹೆಚ್ಚಿಲ್ಲ. ಕೆಲಸ ಮುಗಿದು ಐದು ವರ್ಷವಾಗಿರಬೇಕು. ತೀರ್ಪುಗಾರರು ಮಳೆಗಾಲದಲ್ಲಿ ಒಮ್ಮೆ, ರಾತ್ರಿ ಒಮ್ಮೆ ಆ ರಸ್ತೆಯಲ್ಲಿ ನಡೆಯಬೇಕು. ಅವರಲ್ಲಿ ಗಾಲಿಕುರ್ಚಿ ಬಳಸುವವರೊಬ್ಬರು, ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವವರೊಬ್ಬರು, ಶಾಲೆಗೆ ನಡೆದು ಹೋಗುವ ಮಗುವೊಂದು ಇರಬೇಕು. ಫಲಕದ ಮೇಲೆ ವಿನ್ಯಾಸ ಮಾಡಿದವರು, ಸ್ಥಳದಲ್ಲಿ ನಿಂತ ಎಂಜಿನಿಯರ್, ಕಲ್ಲು ಕೂರಿಸಿದ ಮೇಸ್ತ್ರಿ, ಐದು ವರ್ಷ ಅದನ್ನು ಸರಿಯಾಗಿ ಇಟ್ಟುಕೊಂಡವರು, ಇವರೆಲ್ಲರ ಹೆಸರು ಇರಬೇಕು. ಆಯುಕ್ತರು ಬಂದು ಚಪ್ಪಾಳೆ ತಟ್ಟಲಿ.

ಇದಕ್ಕಾಗಿ ಯಾವ ಸಂಸ್ಥೆಯನ್ನೂ ಕಾಯುವುದಿಲ್ಲ ಎಂದು ನಿರ್ಧರಿಸಿದ್ದೇನೆ. ನಿಮ್ಮ ಊರಿನಲ್ಲಿ, ಅದು ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಉಡುಪಿಯಾಗಲಿ, ಐದು ವರ್ಷಕ್ಕಿಂತ ಹಿಂದೆ ಮಾಡಿದ, ಇಂದಿಗೂ ಎಡವದೆ ನಡೆಯಬಹುದಾದ ಫುಟ್‌ಪಾತ್ ಇದ್ದರೆ ರಸ್ತೆಯ ಹೆಸರು ಮತ್ತು ಒಂದು ಚಿತ್ರವನ್ನು ಕೆಳಗೆ ಹಾಕಿ. ನೂರು ಮೀಟರ್ ಉದ್ದದ್ದಾದರೂ ಸಾಕು. ಅದರ ಅಳತೆ ಪುಸ್ತಕದಲ್ಲಿ ಯಾರ ಸಹಿ ಇದೆ ಎಂದು ಕೇಳಿ ಮಾಹಿತಿ ಹಕ್ಕಿನ ಅರ್ಜಿಯನ್ನು ನಾನೇ ಹಾಕುತ್ತೇನೆ, ಉತ್ತರ ಬಂದ ಮೇಲೆ ಅವರ ಮನೆಗೆ ಹೋಗಿ ಮಾತನಾಡಿಸಿಕೊಂಡು ಬರುತ್ತೇನೆ.