ಹೆಡಕಿನ ಹಿಂದೆ ಬಿದ್ದ ಮೊಬೈಲು

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎರಡು ಬಗೆಯ ಜನ ನಿಂತಿರುತ್ತಾರೆ. ಬಸ್ಸಿಗೆ ಕಾಯುವವರು ಒಂದು, ಬಸ್ಸಿಗೆ ಕಾಯುವವರ ಹೆಡಕು ಕಾಯುವವರು ಇನ್ನೊಂದು. ಈ ಎರಡನೆಯ ಪಂಗಡವನ್ನು ಗುರುತಿಸುವುದು ಕಷ್ಟವಲ್ಲ. ಮೊಬೈಲನ್ನು ಎದೆಮಟ್ಟಕ್ಕೆ ಹಿಡಿದು, ಊರಿನಿಂದ ಬಂದ ಮೆಸೇಜು ಓದುವವರ ಹಾಗೆ ಹುಬ್ಬು ಗಂಟಿಕ್ಕಿ, ಮುಂದೆ ನಿಂತವನ ಹಿಂದಲೆಗೆ ಝೂಮ್ ಹಾಕುತ್ತಿರುತ್ತಾರೆ. ಆದರೆ ಮೆಸೇಜು ಓದಲು ಒಂದು ಹೆಬ್ಬೆರಳು ಸಾಕು, ಝೂಮ್ ಹಾಕಲು ಎರಡು ಬೆರಳು ಬೇಕು. ಅಲ್ಲೇ ಸಿಕ್ಕಿಬೀಳುವುದು.

ಹಳೇ ಫ್ಯಾಷನ್ನಿನ ಕೂದಲು ಕಂಡರೆ ಫೋಟೊ ಹೊಡೆಯುವುದು, ಗ್ರೂಪಿಗೆ ಹಾಕುವುದು, ಕೆಳಗೆ ನಗುವ ಮುಖ ಸಾಲಾಗಿ ಬಂದು ಬೀಳುವುದು: ಇದು ಈಗ ಆಟವಾಗಿದೆ. ಎಲ್ಲ ಆಟಕ್ಕೂ ಒಂದು ಶಾಸ್ತ್ರ ಇರಬೇಕಲ್ಲ? ಬೇಟೆಗೆ ಹೊರಟವರಿಗೆ ಕನಿಷ್ಠ ಪ್ರಾಣಿಯ ಗುರುತಾದರೂ ಇರಲಿ ಎಂದು ಈ ಕೈಪಿಡಿ.

ಮೊದಲನೆಯದು, ಎಲ್ಲರೂ ಹುಡುಕುವುದು, ಮಲ್ಲೆಟ್. ಸೂಪರ್ ಮಾರ್ಕೆಟ್ ಕಡೆಯ ಕಟಿಂಗ್ ಅಂಗಡಿಯಲ್ಲಿ ಈ ಹೆಸರು ಹೇಳಿದರೆ, ‘ಮುಂದ ಹೊಡದು ಹಿಂದ ಬಿಡೋದಲ್ಲ?’ ಎಂದು ಕೇಳುತ್ತಾರೆ. ಯಾವ ನಿಘಂಟಿನಲ್ಲೂ ಇಷ್ಟು ಚೊಕ್ಕ ಅರ್ಥ ಸಿಗದು. ಅಳತೆ ಹೀಗೆ: ಕಿವಿಯ ಮೇಲೆ ಟ್ರಿಮ್ಮರಿನ 2 ನಂಬರ್, ಅಂದರೆ 6 ಮಿ.ಮೀ.; ನೆತ್ತಿಯಲ್ಲಿ ಎರಡು ಮೂರು ಬೆರಳಗಲ; ಹಿಂದೆ ಮಾತ್ರ ಅಂಗಿಯ ಕಾಲರ್ ದಾಟಿರಬೇಕು. ಕಾಲರ್ ದಾಟದಿದ್ದರೆ ಅದು ಮಲ್ಲೆಟ್ ಅಲ್ಲ, ಕಟಿಂಗಿಗೆ ಹೋಗಲು ಪುರುಸೊತ್ತಾಗಿಲ್ಲ ಅಷ್ಟೇ.

ನಮ್ಮ ಕಡೆಯ ಮಲ್ಲೆಟ್‌ಗಳಲ್ಲಿ ಬಹಳಷ್ಟು ಫ್ಯಾಷನ್ನಿನಿಂದ ಹುಟ್ಟಿದವೇ ಅಲ್ಲ, ಮನೆಗೆ ಟ್ರಿಮ್ಮರ್ ತಂದದ್ದರಿಂದ ಹುಟ್ಟಿದವು. ಕನ್ನಡಿಯ ಮುಂದೆ ನಿಂತವನಿಗೆ ಎರಡು ಬದಿ ಕಾಣುತ್ತದೆ, ಹಣೆ ಕಾಣುತ್ತದೆ, ಹೆಡಕು ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬದಿಗಳಿಗೆ ಟ್ರಿಮ್ಮರ್ ಓಡುತ್ತದೆ. ಹಿಂದಿನದು ತಿಂಗಳಿಗೆ ಸೆಂಟಿಮೀಟರಿನ ಮೇಲೆ ಚೂರು ಎಂಬ ತನ್ನ ಲೆಕ್ಕದಲ್ಲಿ ಬೆಳೆಯುತ್ತ ಹೋಗುತ್ತದೆ. ಐದು ತಿಂಗಳು ಕಳೆದರೆ ಯಾರೂ ಬೇಡದ ಮಲ್ಲೆಟ್ ತಯಾರು. ಇದಕ್ಕೆ ಮದ್ದು ಎರಡನೆಯ ಕನ್ನಡಿ ಅಥವಾ ಹೆಂಡತಿ. ಎರಡನೆಯ ಕನ್ನಡಿ ಹಿಡಿದರೆ ಎಡಬಲದ ಗೊಂದಲವಾಗಿ ಕೈ ಎತ್ತಲೋ ಹೋಗುತ್ತದೆ, ಹೆಡಕಿನ ನಡುವೆ ಕಾಲುವೆ ಬೀಳುತ್ತದೆ. ಹೆಂಡತಿಯ ಕೈಗೆ ಕೊಡುವಾಗ ಗಾರ್ಡ್ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಬೇಕು. ಗಾರ್ಡ್ ಕಳಚಿತೆಂದರೆ ನೇರ ಬ್ಲೇಡು ತಗುಲಿ ನಡುನೆತ್ತಿಯಲ್ಲಿ ರೂಪಾಯಿಯಗಲ ಬಯಲಾಗುತ್ತದೆ. ಆ ಬಯಲು ಮುಚ್ಚಲು ಒಂದು ತಿಂಗಳು ಟೋಪಿ.

ಬೇಟೆಗಾರರ ಎರಡನೆಯ ಮೆಚ್ಚಿನ ಪ್ರಾಣಿ ಬೋಳು ಮುಚ್ಚುವ ಬಾಚಣಿಕೆ. ಒಂದು ಕಿವಿಯ ಮೇಲಿನ ಕೂದಲನ್ನು ಉದ್ದ ಬಿಟ್ಟು, ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ಸೇತುವೆ ಕಟ್ಟಿ ಇನ್ನೊಂದು ಕಿವಿಗೆ ಮುಟ್ಟಿಸುವ ಕೆಲಸ. ನಗುವ ಮೊದಲು ಇದರ ಹಿಂದಿನ ದುಡಿಮೆ ತಿಳಿಯಿರಿ. ಇಪ್ಪತ್ತು ಸೆಂಟಿಮೀಟರ್ ಉದ್ದ ಬರಬೇಕಾದರೆ ಒಂದೂವರೆ ವರ್ಷ ಬೇಕು. ನಮ್ಮ ತೊಗರಿ ಆರು ತಿಂಗಳಿಗೆ ಕೈಗೆ ಬರುತ್ತದೆ, ಅದಕ್ಕೆ ಬೆಳೆ ವಿಮೆಯೂ ಇದೆ. ಈ ಬೆಳೆಗೆ ಬೇಸಿಗೆಯ ಒಂದು ಸುಂಟರಗಾಳಿ ಸಾಕು, ಸೇತುವೆ ಎದ್ದು ಬಾವುಟವಾಗುತ್ತದೆ, ಪರಿಹಾರ ಕೊಡುವವರಿಲ್ಲ. ಅಮೆರಿಕದಲ್ಲಿ ಫ್ರಾಂಕ್ ಸ್ಮಿತ್, ಡೊನಾಲ್ಡ್ ಸ್ಮಿತ್ ಎಂಬ ಅಪ್ಪ ಮಗ ಇದೇ ವಿದ್ಯೆಗೆ 1977ರಲ್ಲಿ ಪೇಟೆಂಟ್ ತಗೊಂಡಿದ್ದಾರೆ. ಉಳಿದ ಕೂದಲನ್ನು ಮೂರು ಪಾಲು ಮಾಡಿ, ಒಂದರ ಮೇಲೊಂದು ಮೂರು ದಿಕ್ಕಿನಿಂದ ಹೊದಿಸುವ ಕ್ರಮ ಅವರದು. 2004ರಲ್ಲಿ ಅದಕ್ಕೆ ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಇಗ್ ನೊಬೆಲ್ ಬಹುಮಾನವೂ ಬಂತು, ಅದೂ ಎಂಜಿನಿಯರಿಂಗ್ ವಿಭಾಗದಲ್ಲಿ. ನಮ್ಮ ಹಿರಿಯರು ಪೇಟೆಂಟಿಲ್ಲದೆ ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಹಾಕಿಕೊಂಡು ಮಾಡುತ್ತಿರುವುದು ಅದೇ ಎಂಜಿನಿಯರಿಂಗು. ಫೋಟೊ ಹೊಡೆಯುವವನಿಗೆ ಮಾತ್ರ ‘ಲುಕ್ಕು’ ಕಾಣುತ್ತದೆ.

ಕಿತ್ತಳೆ ಕೂದಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಹಂದಿಯ ಬಣ್ಣ ಕಪ್ಪು ಕೂದಲಿನ ಮೇಲೆ ಎದ್ದು ಕಾಣದು, ಬಿಳಿಯದರ ಮೇಲೆ ಕಿತ್ತಳೆಯಾಗಿ ಕೂರುತ್ತದೆ. ಮರುದಿನ ನೀಲಿ ಸೊಪ್ಪಿನ ಪುಡಿ ಕಲಸಿ ಹಚ್ಚಿದ್ದರೆ ಕಂದು ಕಪ್ಪಿಗೆ ತಿರುಗುತ್ತಿತ್ತು, ಹಚ್ಚಿಲ್ಲ. ಅವರ ತಲೆ, ಅವರ ಮೆಹಂದಿ.

ಇನ್ನು ನೆತ್ತಿಯ ಹಿಂದೆ ಕೋಳಿ ಜುಟ್ಟಿನಂತೆ ಎದ್ದು ನಿಂತ ಕೂದಲು. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಮನೆಯವರು ಹೆದರಿಸುತ್ತಾರೆ. ಮದುವೆಯ ಮಾತು ಬಿಡಿ, ಎರಡು ಸುಳಿಯ ತಲೆಗೆ ಕಟಿಂಗ್ ಮಾಡುವುದೇ ಕಷ್ಟ. ಸುಳಿ ತಿರುಗಿದ ಕಡೆಗೆ ಕತ್ತರಿ ಹೋಗಬೇಕು, ಅಲ್ಲಿ ಕೂದಲು ಮಡಚಿ ಮಲಗುವಷ್ಟಾದರೂ ಉದ್ದ ಉಳಿಯಬೇಕು. ಅವಸರದಲ್ಲಿ ಎಲ್ಲ ಕಡೆ ಒಂದೇ ನಂಬರ್ ಓಡಿಸಿದರೆ ಎರಡೂ ಸುಳಿ ಎದ್ದು ನಿಲ್ಲುತ್ತವೆ, ನೀರು ಹಚ್ಚಿದರೂ ಜಗ್ಗುವುದಿಲ್ಲ. ಆ ಫೋಟೊದಲ್ಲಿ ನಗೆಪಾಟಲಾಗಬೇಕಾದದ್ದು ಕತ್ತರಿ. ಆಗಿದ್ದು ಪಾಪ, ತಲೆ.

ಹೀಗೆ ಬೇಟೆಯಾಡುವವನ ತಲೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ಅವನದು ಫೇಡ್: ಕೆಳಗೆ ಅರ್ಧ ನಂಬರ್, ಮೇಲೆ ಒಂದು, ಅದರ ಮೇಲೆ ಒಂದೂವರೆ, ನಡುವೆ ಬ್ಲೇಡಿನಿಂದ ಎಳೆದ ಗೆರೆ. ಒಂದನೇ ನಂಬರ್ ಎಂದರೆ 3 ಮಿ.ಮೀ. ಹದಿನೈದು ದಿನಕ್ಕೆ ಅದು ಎಂಟರ ಹತ್ತಿರ ಹೋಗುತ್ತದೆ. ಗೆರೆ ಅಳಿಸುತ್ತದೆ, ಬದಿ ಉಬ್ಬುತ್ತದೆ, ತಲೆ ಜೋಳದ ತೆನೆಯಂತಾಗುತ್ತದೆ. ಆ ಹದಿನಾರನೆಯ ದಿನ ಅವನೂ ಇದೇ ನಿಲ್ದಾಣದಲ್ಲಿ ಆಳಂದ ಬಸ್ಸಿಗೆ ನಿಂತಿರುತ್ತಾನೆ. ಹಿಂದೆ ಯಾರಿದ್ದಾರೋ ಯಾರಿಗೆ ಗೊತ್ತು.

ಈಗ ಬೇಟೆಗಾರರ ಮೂರು ಸಮರ್ಥನೆಗಳು. ‘ಸಾರ್ವಜನಿಕ ಜಾಗ, ಯಾರು ಬೇಕಾದರೂ ಫೋಟೊ ತಗೀಬಹುದು’ ಎಂಬುದು ಮೊದಲನೆಯದು. ಬೀದಿಯಲ್ಲಿ ಕ್ಯಾಮೆರಾ ಎತ್ತಿದ ಮಾತ್ರಕ್ಕೆ ಅಪರಾಧವಾಗದು ಎಂಬುದು ನಿಜ. ಆದರೆ ಬೀದಿಗೆ ಬಂದವನು ಬಂದದ್ದು ಹಾಲು ತರಲು, ಪ್ರದರ್ಶನಕ್ಕಲ್ಲ. ಹೆಣ್ಣುಮಕ್ಕಳ ಹಿಂದೆ ಮೊಬೈಲು ಹಿಡಿದು ಹೊರಟವನಿಗೆ ಇದು ಕೂದಲಿನ ಮಾತೇ ಅಲ್ಲ: ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಬೆನ್ನು ಹತ್ತುವುದರ ಬಗ್ಗೆ, 79ನೇ ಕಲಂ ಮಾನಕ್ಕೆ ಕುಂದು ತರುವುದರ, ಖಾಸಗಿತನಕ್ಕೆ ನುಗ್ಗುವುದರ ಬಗ್ಗೆ ಇದೆ. 2025ರಲ್ಲಿ ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಹೆಣ್ಣುಮಕ್ಕಳ ವಿಡಿಯೊವನ್ನು ಅವರಿಗೆ ತಿಳಿಯದ ಹಾಗೆ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದವನ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಅವನ ಹತ್ತಿರವೂ ಇದೇ ‘ಸಾರ್ವಜನಿಕ ಜಾಗ’ದ ವಾದ ಇದ್ದಿರಬಹುದು.

ಎರಡನೆಯ ಸಮರ್ಥನೆ ಭಾಳ ಜಾಣತನದ್ದು: ‘ಮುಖ ಎಲ್ಲಿ ಕಾಣ್ತದ? ಬರೀ ಹಿಂದಲಿ ಅದ.’ ಈ ಮಾತನ್ನು ಮುಂಬೈಯಲ್ಲಿ ಹೇಳಿದರೆ ನಡೆದೀತು. ಕಲಬುರಗಿಯಲ್ಲಿ ಹಿಂದಲೆಯೇ ಗುರುತಿನ ಚೀಟಿ. ಹೆಗಲಿನ ಮೇಲಿನ ಟವೆಲ್ಲು, ಕಾಲರ್ ಹಿಂದೆ ಸಿಕ್ಕಿಸಿದ ಕರವಸ್ತ್ರ, ನಿಲ್ಲುವ ಭಂಗಿ, ಕಂಕುಳಿನ ಚೀಲ ಸಾಕು. ಜಗತ್ ಸರ್ಕಲ್‌ನಲ್ಲಿ ತೆಗೆದ ಫೋಟೊ ಶರಣಬಸವೇಶ್ವರ ಗುಡಿ ತಲುಪುವ ಮೊದಲೇ ‘ಅರೇ, ಇಂವಾ ನಮ್ಮ ದೊಡ್ಡಮ್ಮನ ಅಳಿಯ ಅಲ್ಲೇನು?’ ಎಂದು ಯಾರೋ ಬರೆದಿರುತ್ತಾರೆ. ಫೋಟೊದಲ್ಲಿ ಮುಖ ಕಾಣದಂತೆ ಮಸಿ ಬಳಿದವನು ಹಿಂದೆ ನಿಂತ ಕೆಎ 32 ಟಂಟಂನ ನಂಬರನ್ನೂ, ಕಿರಾಣಿ ಅಂಗಡಿಯ ಬೋರ್ಡನ್ನೂ ಹಾಗೇ ಬಿಟ್ಟಿರುತ್ತಾನೆ. ಇನ್ನು ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ತೆಗೆದ ಜಾಗ, ಹೊತ್ತು ಎರಡೂ ಫೋಟೊದ ಒಳಗೇ ಬರೆದಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಆ ವಿವರ ಉದುರುತ್ತದೆ. ‘ಕ್ಲಿಯರ್ ಬರಲಿ’ ಎಂದು ಡಾಕ್ಯುಮೆಂಟ್ ಮಾಡಿ ಕಳಿಸಿದರೆ ವಿಳಾಸದ ಸಮೇತ ಹೋಗುತ್ತದೆ.

‘ನಮ್ಮ ಗ್ರೂಪಿನಾಗ ಅಷ್ಟೇ ಹಾಕೀವಿ’ ಎಂಬುದು ಮೂರನೆಯದು. ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 1024 ಜನರಿಗೆ ಜಾಗವಿದೆ. ಅದು ಗ್ರೂಪಲ್ಲ, ಜಾತ್ರೆ. ತಪ್ಪಾಯಿತು ಎಂದು ಅನಿಸಿದರೆ ಎಲ್ಲರಿಗೂ ಅಳಿಸಲು ಸಿಗುವ ಕಾಲ ಎರಡು ದಿನ ಹನ್ನೆರಡು ಗಂಟೆ. ಶನಿವಾರ ಬೆಳಿಗ್ಗೆ ಹಾಕಿದವನಿಗೆ ಸೋಮವಾರ ರಾತ್ರಿ ಬುದ್ಧಿ ಬಂದರೆ ಉಪಯೋಗವಿಲ್ಲ. ಕಾಲದೊಳಗೆ ಅಳಿಸಿದರೂ, ಅಷ್ಟರಲ್ಲಿ ಬೇರೆಯವರು ಮುಂದಕ್ಕೆ ದೂಡಿದ್ದು, ಕೆಲವರ ಗ್ಯಾಲರಿಯಲ್ಲಿ ಉಳಿದದ್ದು, ಸ್ಕ್ರೀನ್‌ಶಾಟ್ ಹೊಡೆದದ್ದು ಹಾಗೇ ಇರುತ್ತದೆ.

ಇಷ್ಟಕ್ಕೂ ಹಿಂದಿನಿಂದ ತೆಗೆದ ಫೋಟೊದಲ್ಲಿ ಕಾರಣ ಕಾಣುವುದಿಲ್ಲ. ಗಾಣಗಾಪುರಕ್ಕೋ ಘತ್ತರಗಿ ಭಾಗ್ಯವಂತಿಗೋ ಹರಕೆ ಹೊತ್ತು ಕೂದಲು ಬಿಟ್ಟವರಿದ್ದಾರೆ. ಜಾವಳ ಇನ್ನೂ ಆಗದ ಹುಡುಗ ಎರಡು ಜುಟ್ಟು ಕಟ್ಟಿಕೊಂಡು ಅವ್ವನ ಕಂಕುಳಲ್ಲಿ ಇರುತ್ತಾನೆ. ಹೆಂಡತಿ ಬಸುರಿ ಎಂದು ಕತ್ತರಿ ಮುಟ್ಟಿಸದವರಿದ್ದಾರೆ. ಅಪ್ಪನ ತಿಥಿಗೆ ತಲೆ ಬೋಳಿಸಿಕೊಂಡು ಈಗ ಅಡ್ಡಾದಿಡ್ಡಿ ಬೆಳೆದವರಿದ್ದಾರೆ. ಕ್ಯಾನ್ಸರ್ ಔಷಧಿಗೆ ಉದುರಿ, ಮತ್ತೆ ಚಿಗುರುವಾಗ ಗುಂಗುರಾಗಿ ಬಂದದ್ದೂ ಇರುತ್ತದೆ. ಇವೆಲ್ಲ ಬೇಟೆಗಾರನ ಪಟ್ಟಿಯಲ್ಲಿ ಒಂದೇ ಶೀರ್ಷಿಕೆಯ ಕೆಳಗೆ: ‘ಏನ್ ಸ್ಟೈಲ್ ಗುರೂ!’

ನಮ್ಮ ಊರಿನವರು ಪರರ ತಲೆಯ ಬಗ್ಗೆ ಮಾತಾಡದ ಸಂತರೆಂದು ಯಾರೂ ತಿಳಿಯಬಾರದು. ಕಟ್ಟೆಯ ಮೇಲೆ ಕೂತವರು ಹಾದುಹೋಗುವ ಪ್ರತಿ ತಲೆಗೂ ಅಡ್ಡಹೆಸರು ಇಟ್ಟವರೇ. ಆದರೆ ಅದು ಕೇಳಿಸುವಂತೆ ಇಟ್ಟ ಹೆಸರು. ‘ಏನ್ ಮಾಮಾ, ತಲಿ ಮ್ಯಾಲ ಗುಬ್ಬಿ ಗೂಡು ಕಟ್ಟೀರಿ?’ ಎಂದವನಿಗೆ ಮಾಮಾ ನಿಂತು, ‘ಗೂಡರೆ ಅದ, ನಿಮ್ಮಪ್ಪಗ ಅದೂ ಇಲ್ಲ’ ಎಂದು ಬಡ್ಡಿ ಸಮೇತ ತೀರಿಸಿ ಹೋಗುತ್ತಿದ್ದ. ಲೆಕ್ಕ ಅಲ್ಲೇ ಚುಕ್ತಾ. 2006ರ ಫೆಬ್ರುವರಿಯಲ್ಲಿ ಲಾಹೋರಿನ ಪಂದ್ಯ ಮುಗಿದ ಮೇಲೆ ಪಾಕಿಸ್ತಾನದ ಅಂದಿನ ಅಧ್ಯಕ್ಷ ಪರ್ವೇಜ್ ಮುಷರಫ್ ಹೆಗಲಿಗಿಳಿದ ಧೋನಿಯ ಕೂದಲಿನ ಬಗ್ಗೆ ಮೈಕಿನಲ್ಲೇ ಮಾತಾಡಿದರು. ಒಪ್ಪುತ್ತದೆ, ಕತ್ತರಿಸಬೇಡ ಎಂದರು. ಎದುರಾಳಿ ದೇಶದ ದಂಡನಾಯಕನಿಗೂ ಮುಖ ನೋಡಿ ಹೇಳುವಷ್ಟು ರೀತಿ ಇತ್ತು. ಧೋನಿ ಆ ಮಾತು ಕೇಳಲಿಲ್ಲ, ಮುಂದೆ ಕತ್ತರಿಸಿಯೇ ಬಿಟ್ಟರು. ಕೇಳದಿರುವ ಹಕ್ಕು ಅವರಿಗೆ ಇದ್ದದ್ದು, ಮಾತು ಎದುರಿಗೆ ಬಂದದ್ದರಿಂದ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಮೊಕದ್ದಮೆ ಹೂಡಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ತಕರಾರು ಇದ್ದದ್ದು ಆಧಾರ್ ವಿರುದ್ಧ. ಆಧಾರ್ ಕಾರ್ಡು ಎಂದರೆ ಗೊತ್ತೇ ಇದೆ: ಪ್ಲಾಸ್ಟಿಕ್ ಕುರ್ಚಿ, ಹಿಂದೆ ಬಿಳಿ ಪರದೆ, ಸರದಿಯಲ್ಲಿ ಬೆವತು ಹಣೆಗಂಟಿದ ಕೂದಲು. ದೇಶದ ಸಕಲರ ಕೆಟ್ಟ ತಲೆಗಳ ಅಧಿಕೃತ ಭಂಡಾರ. ಆದ್ದರಿಂದ ಬೇಟೆ ಗ್ರೂಪುಗಳಿಗೆ ಒಂದು ಪ್ರವೇಶ ಶುಲ್ಕ ಇಡಬಹುದು. ಯಾರದೇ ಹಿಂದಲೆ ಹಾಕುವ ಮೊದಲು ತನ್ನ ಆಧಾರ್ ಫೋಟೊವನ್ನು, ನಂಬರ್ ಮುಚ್ಚಿ, ದೊಡ್ಡದು ಮಾಡಿ ಹಾಕಬೇಕು. ಅರ್ಧ ಗ್ರೂಪು ಅಂದೇ ಖಾಲಿಯಾದೀತು.

ಇಷ್ಟಾದರೂ ಕೈ ತುರಿಸಿದರೆ ಕೇಳಿ ತೆಗೆಯುವ ಕ್ರಮ ಇದೆ, ಕಷ್ಟದ್ದಲ್ಲ. ಮೊಬೈಲು ಜೇಬಿನಲ್ಲಿರಲಿ. ಬೆನ್ನ ಹಿಂದಿನಿಂದ ಬರಬೇಡಿ, ಎದುರಿಗೆ ಬನ್ನಿ. ‘ಕಾಕಾ, ನಿಮ್ಮ ಕೂದಲ ಭಾರಿ ಅವ, ಒಂದು ಫೋಟೊ ತಗೀಲೇನ್ರಿ?’ ಎನ್ನಿ. ಯಾಕೆ ಎಂದು ಕೇಳಿದರೆ ಖರೇ ಹೇಳಿ, ಎಲ್ಲಿ ಹಾಕುತ್ತೀರಿ ಎಂಬುದನ್ನೂ ಹೇಳಿ. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ‘ಬ್ಯಾಡ’ ಎಂಬುದಕ್ಕೆ ದೂರ ಹೋಗಿ ಝೂಮ್ ಮಾಡು ಎಂಬ ಅರ್ಥವಿಲ್ಲ. ಮಕ್ಕಳಾದರೆ ತಾಯಿತಂದೆಯನ್ನು ಕೇಳಿ.

ಹೂಂ ಎಂದರೆ ಮಾತ್ರ ಬೇಟೆಗಾರನಿಗೆ ದೊಡ್ಡ ನಷ್ಟ. ಕಾಕಾ ಮೊದಲು ಜೇಬಿನಿಂದ ಬಾಚಣಿಗೆ ತೆಗೆಯುತ್ತಾರೆ. ಹೆಡಕಿನ ಕೂದಲು ಕಾಲರ್ ಒಳಗೆ ಹೋಗುತ್ತದೆ, ಎದ್ದ ಸುಳಿ ಉಗುಳಿಗೆ ಮಲಗುತ್ತದೆ, ಟವೆಲ್ಲು ಮಡಿಕೆ ಸರಿಹೋಗುತ್ತದೆ, ಎದೆ ಸೆಟೆದು ನಿಲ್ಲುತ್ತದೆ. ಹುಡುಕಿಕೊಂಡು ಬಂದ ಪ್ರಾಣಿ ಕಣ್ಣೆದುರೇ ಮಾಯ. ಉಳಿಯುವುದು ಗೋಡೆಗೆ ಹಾಕಬಹುದಾದ ಒಳ್ಳೆಯ ಪಟ. ಅದನ್ನು ಮಗಳ ನಂಬರಿಗೆ ಕಳಿಸಲು ಹೇಳಿ, ಕಳಿಸಿದ್ದು ಮುಟ್ಟಿತೇ ಎಂದು ಫೋನು ಹಚ್ಚಿ ಕೇಳಿ, ಆಮೇಲೆ ಕಾಕಾ ನಿಧಾನಕ್ಕೆ ಕನ್ನಡಕ ಏರಿಸಿ ನಿಮ್ಮ ಫೇಡು, ಗೆರೆ, ಒಂದೂವರೆ ನಂಬರುಗಳನ್ನೆಲ್ಲ ನೋಡುತ್ತಾರೆ.

‘ಅಲ್ಲೋ ತಮ್ಮಾ, ನಿನ್ನ ತಲಿ ಯಾಕ ಹಿಂಗ ಇಲಿ ಕಡದಂಗ ಆಗ್ಯಾದ?’